ಮೊಲಕ್ಕೆ ಕಾಲೆಷ್ಟು, ಕೊಂಬೆಷ್ಟು?

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಆರಂಭಿಸಿಯೇ ನಾವೆಲ್ಲ ಶಾಲೆಯಲ್ಲಿ ಗಾದೆಯ ವಿಸ್ತರಣೆಗೆ ಅಂಕ ಗಳಿಸಿದವರು. ಕೇರಳಕ್ಕೆ ವರ್ಗವಾಗಿ ಬಂದ ಮೇಲೆ ಆ ಅಂಕಗಳನ್ನು ಮಕ್ಕಳು ಒಂದೊಂದಾಗಿ ಕಳೆಯುತ್ತಿದ್ದಾರೆ. ಕನ್ನಡವನ್ನು ಮನೆಯೊಳಗಷ್ಟೇ ಕೇಳುವ ಅವರಿಗೆ ಗಾದೆಯೆಂದರೆ ಬರಿಯ ವಾಚ್ಯಾರ್ಥ.

ಕೊಚ್ಚಿಯಲ್ಲಿ ಉಳಿತಾಯದ ಉಪದೇಶಕ್ಕೆಂದು ‘ಹನಿಗೂಡಿದರೆ ಹಳ್ಳ’ ಎಂದೆವು. ಜೂನ್ ತಿಂಗಳು, ಎಂ.ಜಿ. ರಸ್ತೆಯಲ್ಲಿ ನೀರು ನಿಂತಿತ್ತು. ‘ಹಳ್ಳ ಆಗಿಯೇ ಹೋಗಿದೆಯಲ್ಲ, ಇನ್ನೇಕೆ ಕೂಡಿಡಬೇಕು?’ ಎಂಬ ಪ್ರಶ್ನೆ ಬಂತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದಾಗ, ಮೊಹರಿನ ಶಾಯಿಯ ಹೊರತು ಕೈಗೆ ಏನನ್ನೂ ಮೆತ್ತಿಕೊಳ್ಳದ ನಮ್ಮ ತಟ್ಟೆಯ ಮೊಸರನ್ನೇ ಅವರು ದಿಟ್ಟಿಸಿದರು.

ತಿರುವನಂತಪುರಕ್ಕೆ ಬಂದ ಮೇಲೆ ಚರ್ಚೆ ಮೊಲಕ್ಕೆ ಹೊರಳಿತು. ಹಟ ಹಿಡಿದ ಮಗನಿಗೆ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ಗದರಿದೆವು. ಗೆಳೆಯರಿಂದ ಮಲಯಾಳಂ ಕಲಿತಿದ್ದ ಅವನು, ‘ಕಾಲಲ್ಲ ಅಪ್ಪಾ, ಕೊಂಬು’ ಎಂದ. ಹೌದು, ಮಲಯಾಳಂ ಗಾದೆಯ ಮೊಲಕ್ಕೆ ಮೂರು ಕೊಂಬು! ಕಾಲೇ ಸರಿಯೆಂದು ಅರ್ಧ ಗಂಟೆ ವಾದಿಸಿದ ಬಳಿಕ, ಮೊಲ ಯಾರ ಕೈಯಲ್ಲಿದೆಯೆಂಬುದು ನಮಗೆ ಹೊಳೆಯಿತು. ನಮ್ಮವರು ಇದ್ದ ಕಾಲೊಂದನ್ನು ಕಳೆದರು. ಅವರು ಇಲ್ಲದ ಕೊಂಬು ಮೂರನ್ನು ಕೂಡಿಸಿದರು. ಹಟದ ಮೊತ್ತ ಮಾತ್ರ ಒಂದೇ.

ಮಕ್ಕಳಿಗೆ ತಿಳಿಯದೆಂದು ನಮ್ಮಲ್ಲಿ ಹಲವರು ಗಾದೆಗಳನ್ನೇ ತೊರೆದು, ‘ಊಟ ಮಾಡು, ಓದಿಕೋ, ಮಲಗು’ ಎಂಬಷ್ಟೇ ಕನ್ನಡದಲ್ಲಿ ಸಂಸಾರ ನಡೆಸುತ್ತಿದ್ದೇವೆ. ಇದು ಸರಿಯಲ್ಲ. ವಾಚ್ಯಾರ್ಥವು ಭಾಷೆಯ ಹೊಸಿಲು. ಅದನ್ನು ದಾಟದೆ ಒಳಮನೆ ಕಾಣದು. ಜರ್ಮನಿಯಿಂದ ಬಂದ ಗುಂಡರ್ಟ್ ಮಲಯಾಳಂ ಗಾದೆಗಳನ್ನು ಸಂಗ್ರಹಿಸಿದರು. ಅದೇ ಬಾಸೆಲ್ ಮಿಷನ್ನಿನ ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಪದಗಳ ಅರ್ಥಕ್ಕೆ ಕನ್ನಡ ಗಾದೆಗಳನ್ನು ಸಾಕ್ಷಿಗೆ ನಿಲ್ಲಿಸಿದರು. ಪರದೇಶದವರು ಕಲಿತ ದಾರಿ ನಮ್ಮ ಮಕ್ಕಳಿಗೇಕೆ ದುರ್ಗಮವಾಗಬೇಕು? ಅವರು ಮೊದಲು ನಗಲಿ, ಅರ್ಥ ನಿಧಾನವಾಗಿ ಬರಲಿ.

‘ಹಿತ್ತಲ ಗಿಡ ಮದ್ದಲ್ಲ’ ಎನ್ನುತ್ತೇವೆ ನಾವು. ಅಂಗಳದ ಮಲ್ಲಿಗೆಗೆ ಪರಿಮಳವಿಲ್ಲ ಎನ್ನುತ್ತಾರೆ ಮಲಯಾಳಿಗಳು. ಇವನ್ನು ಅಕ್ಷರಶಃ ತೆಗೆದುಕೊಂಡರೆ ನಮಗೆ ಲಾಭವೇ. ಮೂರನೆಯ ಮಹಡಿಯ ಸರ್ಕಾರಿ ವಸತಿಗೃಹದಲ್ಲಿ ಹಿತ್ತಲೂ ಇಲ್ಲ, ಅಂಗಳವೂ ಇಲ್ಲ. ಕುಂಡದಲ್ಲಿ ಬೆಳೆವ ನಮ್ಮ ಕನ್ನಡ ಇಲ್ಲಿ ಮದ್ದೂ ಆದೀತು, ಪರಿಮಳವನ್ನೂ ಬೀರೀತು, ದಿನವೂ ನೀರೆರೆಯಬೇಕಷ್ಟೆ.