ವಾರಂಟಿ ಎಂದರೆ ಕೊಟ್ಟ ಮಾತು



ಫ್ರಿಜ್ ಕೆಟ್ಟರೆ ಒಂದು ದಿನದ ಬೇಸರ. ಆ ಫ್ರಿಜ್‌ನ ವಾರಂಟಿ ಹಿಡಿದು ಅಲೆಯುವುದು ಒಂದು ತಿಂಗಳ ಬೇಸರ. ಕೆಟ್ಟದ್ದನ್ನು ಸರಿಮಾಡಿಸಿಕೊಳ್ಳಬಹುದು, ಹಣ ಹೋದರೆ ಮತ್ತೆ ದುಡಿಯಬಹುದು. ಆದರೆ "ನಾವಿದ್ದೇವೆ" ಎಂದು ಅಚ್ಚು ಹಾಕಿ ಕೊಟ್ಟವರು ಬೇಕಾದಾಗ ಸಿಗದಿದ್ದರೆ ಮನಸ್ಸಿಗೆ ಆಗುವ ನೋವೇ ಬೇರೆ. ಈ ಸಲ ನಾವು ಬರೆಯಬೇಕೆಂದಿರುವುದು ಇದರ ಬಗ್ಗೆ.

ನಮ್ಮ ಯುವಬಳಗದ ಹಲವರಿಗೆ ತಮಿಳುನಾಡಿನ ದಿಂಡಿಗಲ್, ತೇನಿ, ಕಂಬಂ ಕಣಿವೆಯ ಕಡೆ ನೆಂಟರಿದ್ದಾರೆ. ಹಬ್ಬಕ್ಕೆ, ಮದುವೆಗೆ ಹೋದಾಗಲೆಲ್ಲ ಒಂದಲ್ಲ ಒಂದು ಮನೆಯಲ್ಲಿ ಬಟ್ಟೆ ಮುಚ್ಚಿಟ್ಟ ವಾಷಿಂಗ್ ಮಷೀನೋ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಟಿವಿಯೋ ಕಣ್ಣಿಗೆ ಬೀಳುತ್ತದೆ. ಕೇಳಿದರೆ ಬರುವ ಉತ್ತರ ಒಂದೇ: "ವಾರಂಟಿ ಇದೆ. ಪಾರ್ಟ್ ಬರಬೇಕು."

ಈ ಪಾರ್ಟ್ ಎಲ್ಲಿಂದ ಬರಬೇಕು? ಕೆಲವೊಮ್ಮೆ ಮದುರೆಯಿಂದ, ಕೆಲವೊಮ್ಮೆ ಚೆನ್ನೈನಿಂದ. ಕಂಬಂನಲ್ಲಿ, ಚಿನ್ನಮನೂರಿನಲ್ಲಿ, ಉತ್ತಮಪಾಳ್ಯಂನಲ್ಲಿ ಕಂತಿನ ಮೇಲೆ ಟಿವಿ, ಫ್ರಿಜ್ ಮಾರಲು ಅಂಗಡಿಗಳಿವೆ. ಆದರೆ ಮಾರುವ ಕೈ ಬಂದಷ್ಟು ದೂರ ರಿಪೇರಿಯ ಕೈ ಬಂದಿಲ್ಲ. ಕಂಬಂನಿಂದ ಜಿಲ್ಲಾ ಕೇಂದ್ರವಾದ ತೇನಿಗೆ ಸುಮಾರು 40 ಕಿಲೋಮೀಟರ್. 1895ರಲ್ಲೇ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು ಈ ಕಣಿವೆಗೆ ನೀರು ಹರಿಸಿದರು. ನಿಂತುಹೋಗಿದ್ದ ರೈಲು 2022ರಲ್ಲಿ ಮದುರೆಯಿಂದ ತೇನಿಗೆ, 2023ರಲ್ಲಿ ಬೋಡಿನಾಯಕನೂರಿಗೆ ಮತ್ತೆ ಬಂತು. ನೀರು ಬಂತು, ರೈಲು ಬಂತು, ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡ್ ಮಾತ್ರ ವಾರಗಟ್ಟಲೆ ಬರುವುದಿಲ್ಲ ಎಂದರೆ ದೂರವನ್ನೊಂದೇ ದೂರಿ ಪ್ರಯೋಜನವಿಲ್ಲ.

ಈ ದಾರಿ ಹೇಗಿರುತ್ತದೆಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕು. ದೂರಿನ ನಂಬರ್ ಬರುತ್ತದೆ. ಎರಡು ದಿನದ ನಂತರ ಟೆಕ್ನಿಷಿಯನ್ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾನೆ. ಪಾರ್ಟ್ ಆರ್ಡರ್ ಮಾಡಿದ್ದೇವೆ ಎಂಬ ಮೆಸೇಜ್ ಬರುತ್ತದೆ. ಆಮೇಲೆ ಮೊಬೈಲ್‌ಗೆ ಒಂದು ಒಟಿಪಿ. "ಅಮ್ಮಾ, ಆ ನಂಬರ್ ಹೇಳಿಬಿಡಿ" ಎನ್ನುತ್ತಾರೆ. ಹೇಳಿದ ಕೂಡಲೇ ಕಂಪ್ಯೂಟರ್‌ನಲ್ಲಿ ದೂರು "ಬಗೆಹರಿದಿದೆ" ಎಂದಾಗುತ್ತದೆ, ಮನೆಯಲ್ಲಿ ಮಷೀನು ಹಾಗೇ ಕೂತಿರುತ್ತದೆ. ಮತ್ತೆ ಫೋನ್ ಮಾಡಿದರೆ ಹೊಸ ನಂಬರ್, ಹೊಸ ಲೆಕ್ಕ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನೆನಪಾಗುವುದು ಇಂಥಲ್ಲೇ.

ಭಾಷೆಯ ತೊಡಕು ಇನ್ನೊಂದು. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗರು, ಕಪ್ಪಿಲಿಯರು ಮನೆಯೊಳಗೆ ಇಂದಿಗೂ ತಮ್ಮದೇ ಬಗೆಯ ಕನ್ನಡ ಆಡುತ್ತಾರೆ. ಓದು ಬರಹ, ಪೇಟೆ ವ್ಯವಹಾರ ತಮಿಳಿನಲ್ಲಿ. ವಾರಂಟಿ ಕಾರ್ಡು ಮಾತ್ರ ಇಂಗ್ಲಿಷಿನಲ್ಲಿ, ಅದೂ ಭೂತಗನ್ನಡಿಗೂ ಸಿಗದ ಅಕ್ಷರದಲ್ಲಿ. ಮೂರು ಭಾಷೆ ದಾಟಿ ತನ್ನ ಹಕ್ಕು ಏನೆಂದು ತಿಳಿದುಕೊಳ್ಳಬೇಕಾದ ಅಜ್ಜಿಗೆ ಆ ಕಾರ್ಡು ಇದ್ದೂ ಇಲ್ಲದಂತೆ.

ಇವೆಲ್ಲ ಅನುಕೂಲಸ್ಥರ ಗೋಳು ಎಂದು ಕೆಲವರು ಹೇಳಬಹುದು. ಹಾಗಲ್ಲ. ತಮಿಳುನಾಡಿನಲ್ಲಿ 2006ರಿಂದ ಸರ್ಕಾರವೇ ಕೋಟಿಗೂ ಹೆಚ್ಚು ಮನೆಗಳಿಗೆ ಕಲರ್ ಟಿವಿ ಹಂಚಿತು. 2011ರಿಂದ ಮಿಕ್ಸಿ, ಗ್ರೈಂಡರ್, ಫ್ಯಾನ್ ಹಂಚಿತು. ಹೆಂಗಸರ ತೋಳಿನ ನೋವು ಕಡಿಮೆ ಮಾಡುವ ವಸ್ತು ಬಡವರ ಮನೆಯಲ್ಲೂ ಇರಬೇಕು ಎಂಬುದನ್ನು ಆ ನಾಡು ಒಪ್ಪಿಕೊಂಡು ವರ್ಷಗಳಾದವು. ಗ್ರೈಂಡರ್ ನಿಂತರೆ ಯಾರ ತೋಳು ನೋಯುತ್ತದೆ, ವಾಷಿಂಗ್ ಮಷೀನ್ ನಿಂತರೆ ಯಾರ ಬೆನ್ನು ಬಾಗುತ್ತದೆ ಎಂದು ನಮ್ಮ ನಮ್ಮ ಮನೆಯಲ್ಲೇ ನೋಡಿಕೊಂಡರೆ ಸಾಕು. ಫ್ರಿಜ್‌ನಲ್ಲಿ ಇನ್ಸುಲಿನ್ ಇಟ್ಟುಕೊಂಡಿರುವ ಮನೆಗೆ "ಹದಿನೈದು ದಿನ ಕಾಯಿರಿ" ಎನ್ನುವುದು ಸಣ್ಣ ಮಾತಲ್ಲ. ದೋಸೆ ಹಿಟ್ಟು ರುಬ್ಬಿ ಮಾರಿ ಮಕ್ಕಳ ಫೀಸು ಕಟ್ಟುವ ತಾಯಿಗೆ ಗ್ರೈಂಡರೇ ಗದ್ದೆ.

ಈಗ ಕಾರ್ಡಿನ ಒಳಗೇನಿದೆ ನೋಡೋಣ. "10 ವರ್ಷ ವಾರಂಟಿ" ಎಂದು ಫ್ರಿಜ್‌ನ ಬಾಗಿಲ ಮೇಲೆ ದೊಡ್ಡದಾಗಿ ಅಂಟಿಸಿರುತ್ತಾರೆ. ಸಾಮಾನ್ಯವಾಗಿ ಆ ಹತ್ತು ವರ್ಷ ಕಂಪ್ರೆಸರ್‌ಗೆ ಮಾತ್ರ. ಇಡೀ ಫ್ರಿಜ್‌ಗೆ ಒಂದೇ ವರ್ಷ. ಕಂಪ್ರೆಸರ್ ಬದಲಿಸಿದರೂ ಗ್ಯಾಸ್ ತುಂಬಿಸುವ ಖರ್ಚು, ಕೂಲಿ, ಮನೆಗೆ ಬರುವ ಖರ್ಚು ಬಹಳ ಸಲ ನಮ್ಮದೇ. ಇನ್ವರ್ಟರ್ ಫ್ರಿಜ್‌ಗಳಲ್ಲಿ ಕಂಪ್ರೆಸರ್ ನಡೆಸುವುದೇ ಒಂದು ಎಲೆಕ್ಟ್ರಾನಿಕ್ ಬೋರ್ಡು. ಅದು ಸುಟ್ಟರೆ ಕಂಪ್ರೆಸರ್ ಗಟ್ಟಿಯಾಗಿದ್ದೂ ಉಪಯೋಗವಿಲ್ಲ. ಇನ್ನು ವೋಲ್ಟೇಜ್ ಏರುಪೇರು, ಸಿಡಿಲು, ಇಲಿ ಕಡಿತ, ನೀರು ಸೋಂಕಿದ್ದು, ವ್ಯಾಪಾರಕ್ಕೆ ಬಳಸಿದ್ದು ಇವೆಲ್ಲ ಹೊರಗೆ.

ಬೋರ್ಡು ಸುಡಲು ಕಾರಣಗಳಿವೆ. ಬೋರ್ಡಿನ ಮೇಲಿರುವ ಕೆಪಾಸಿಟರ್‌ಗಳು ಸೆಕೆಗೆ ಒಣಗಿ ಬೇಗ ಸೋಲುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಗುಡುಗು ಸಿಡಿಲು. ಕರೆಂಟ್ ಹೋಗಿ ಬರುವಾಗ ಒಮ್ಮೆಲೇ ಏರುವ ವೋಲ್ಟೇಜ್. ಅರ್ತಿಂಗ್ ಸರಿಯಾಗಿ ಮಾಡಿಸುವುದು, ಬೇಕಾದ ಕಡೆ ಸ್ಟೆಬಿಲೈಸರ್ ಹಾಕುವುದು, ಸಿಡಿಲಿನ ಹೊತ್ತಿಗೆ ಪ್ಲಗ್ ಕೀಳುವುದು ನಮ್ಮ ಕೆಲಸವೇ, ಅದನ್ನು ಒಪ್ಪೋಣ. ಆದರೆ ಸೆಕೆ, ಸಿಡಿಲು, ಕರೆಂಟಿನ ಆಟ ಈ ದೇಶಕ್ಕೆ ಹೊಸತಲ್ಲ. ಇಲ್ಲಿ ಮಾರಲು ಬರುವವರು ಇಲ್ಲಿನ ಹವೆಗೆ, ಇಲ್ಲಿನ ಕರೆಂಟಿಗೆ ತಡೆಯುವಂತೆ ಮಾಡಿ ಮಾರಬೇಕು. ಊರಿನ ಗುಣ ತಿಳಿದೂ ಅದನ್ನೇ ನೆಪವಾಗಿ ಕಾರ್ಡಿನಲ್ಲಿ ಬರೆದಿಡುವುದು ನ್ಯಾಯವೆಂದು ನಮಗನಿಸುವುದಿಲ್ಲ.

ದಿಂಡಿಗಲ್ ಎಂದರೆ ಬಿರಿಯಾನಿಯ ಜೊತೆಗೆ ಬೀಗವೂ ನೆನಪಾಗುತ್ತದೆ. ಆ ಊರಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಗುರುತು ಸಿಕ್ಕಿತು. ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ, ಕೈಯಲ್ಲಿ ಅರ ಹಿಡಿದು ಮಾಡುವ ಬೀಗ ಅದು. ಮಾಡಿದವನಿಗೆ ಅದರ ಒಳಗು ಗೊತ್ತು, ಕೆಟ್ಟರೆ ಬಿಚ್ಚಿ ಸರಿಮಾಡಬಲ್ಲ. ಬೇರೆಯವರು ತೆರೆಯಬಾರದೆಂದೇ ಹುಟ್ಟಿದ ವಸ್ತು ಬೀಗ, ಆದರೂ ಅದರ ರಿಪೇರಿ ಊರಲ್ಲೇ ಆಗುತ್ತದೆ. ಮನೆಮಂದಿಯೆಲ್ಲ ಬಳಸಲೆಂದು ಮಾಡಿದ ಟಿವಿ, ಮೊಬೈಲು ಮಾತ್ರ ಅಂಟು ಹಾಕಿ ಮುಚ್ಚಿ, ಸ್ಪೇರ್ ಪಾರ್ಟ್ ಹೊರಗೆ ಸಿಗದಂತೆ ಮಾಡಿ, "ಬೇರೆಯವರು ಬಿಚ್ಚಿದರೆ ವಾರಂಟಿ ರದ್ದು" ಎಂಬ ಸ್ಟಿಕರ್ ಅಂಟಿಸಿಕೊಂಡು ಬರುತ್ತವೆ. ಬೀದಿಯ ಮೂಲೆಯ ಮೆಕ್ಯಾನಿಕ್ ಅಣ್ಣನ ಕೈಯಲ್ಲಿ ವಿದ್ಯೆಯಿದೆ, ಪಾರ್ಟ್ ಇಲ್ಲ. ಕಂಪನಿಯ ಹತ್ತಿರ ಪಾರ್ಟ್ ಇದೆ, ನಮ್ಮೂರಿಗೆ ಬರುವ ಮನಸ್ಸಿಲ್ಲ.

ಕಂಪನಿಗಳ ಮಾತನ್ನೂ ಕೇಳೋಣ. ಹಳ್ಳಿ ಹಳ್ಳಿಗೆ ಸರ್ವಿಸ್ ಸೆಂಟರ್ ಇಟ್ಟರೆ ಖರ್ಚು ಹೆಚ್ಚುತ್ತದೆ, ಕೊನೆಗೆ ಆ ಖರ್ಚು ಬೆಲೆಯಲ್ಲೇ ಸೇರುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅದೇ ಕಂಪನಿ ಕಂಬಂನವರಿಗೂ ಚೆನ್ನೈನವರಿಗೂ ಒಂದೇ ವಾರಂಟಿ ಬರೆದು ಕೊಟ್ಟಿದೆ. ತಲುಪಿಸಲಾಗದ ಊರಲ್ಲಿ ಮಾತು ಕೊಡುವ ಮೊದಲೇ ಈ ಲೆಕ್ಕ ಹಾಕಬೇಕಿತ್ತು. ಮನೆಗೆ ಬರುವ ಟೆಕ್ನಿಷಿಯನ್ ಮೇಲೆ ಸಿಟ್ಟು ತೀರಿಸಿಕೊಳ್ಳುವುದೂ ಬೇಡ. ಬಹಳಷ್ಟು ಜನ ಗುತ್ತಿಗೆಯವರು, ಎಷ್ಟು ಮನೆ ಸುತ್ತಿದರೋ ಅಷ್ಟೇ ಸಂಪಾದನೆ. ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದ ಹುಡುಗನಿಗೆ ಒಂದು ಲೋಟ ನೀರು ಕೊಡಿ, ಒಟಿಪಿ ಮಾತ್ರ ಕೆಲಸ ಮುಗಿದ ಮೇಲೆ ಕೊಡಿ.

ಹಾಗಾದರೆ ನಮಗೆ ದಾರಿಯೇನು? ಕಾನೂನು ನಾವಂದುಕೊಂಡಷ್ಟು ದೂರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಇದರ ಪ್ರಕಾರ ಗ್ರಾಹಕರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ಕಂಬಂನವರು ತೇನಿ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ದೂರು ಕೊಡಲು ಎರಡು ವರ್ಷದ ಗಡುವಿದೆ. ದೋಷ ಪರೀಕ್ಷೆಯಿಂದಲೇ ತಿಳಿಯಬೇಕಾದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆ ಬೇಡದಿದ್ದರೆ ಮೂರು ತಿಂಗಳು, ಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಬದುಕಿಗಾಗಿ ಸ್ವಂತ ಉದ್ಯೋಗ ಮಾಡಲು ಕೊಂಡ ಯಂತ್ರವನ್ನು ಕಾಯ್ದೆ ವಾಣಿಜ್ಯ ಬಳಕೆಯೆಂದು ಎಣಿಸುವುದಿಲ್ಲ. ಅಂದರೆ ಹಿಟ್ಟು ಮಾರುವ ಆ ತಾಯಿಯೂ ಗ್ರಾಹಕಿಯೇ, ಆಕೆಗೂ ಆಯೋಗದ ಬಾಗಿಲು ತೆರೆದಿದೆ.

ಕಾನೂನಿಗೂ ಮಿತಿಯಿದೆ. 2006ರಲ್ಲಿ ಮಾರುತಿ ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಬಿಡಿಭಾಗಕ್ಕೆ ಸೀಮಿತವಾಗಿದ್ದರೆ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನಲಾಗದು ಎಂದಿತು. ಆದ್ದರಿಂದ ಕಾರ್ಡಿನಲ್ಲಿ ಬರೆದ ಒಂದೊಂದು ಪದಕ್ಕೂ ತೂಕವಿದೆ. ಕೊಳ್ಳುವ ಮೊದಲೇ ಅಂಗಡಿಯವರಿಂದ ಓದಿಸಿಕೊಳ್ಳಿ.

ಕೋರ್ಟಿನವರೆಗೆ ಹೋಗುವ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಆಯೋಗಕ್ಕೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಲು 2020ರಲ್ಲಿ ಇ-ದಾಖಿಲ್ ಬಂತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ.

ಬದಲಾವಣೆಯ ಗಾಳಿಯೂ ಬೀಸುತ್ತಿದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು, ಅಂದರೆ ರಾಷ್ಟ್ರೀಯ ಗ್ರಾಹಕ ದಿನದಂದು, ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ವಾರಂಟಿಯ ಲೆಕ್ಕ ಕೊಂಡ ದಿನದಿಂದಲ್ಲ, ಮನೆಯಲ್ಲಿ ಜೋಡಿಸಿದ ದಿನದಿಂದ ಶುರುವಾಗಲಿ ಎಂದು 2024ರಲ್ಲಿ ಕಂಪನಿಗಳಿಗೆ ಹೇಳಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಪ್ಪಿದ ನಿಯಮದಲ್ಲಿ ವಾರಂಟಿಯೊಳಗೆ ಗ್ರಾಹಕರು ರಿಪೇರಿ ಆರಿಸಿಕೊಂಡರೆ ವಾರಂಟಿ ಒಂದು ವರ್ಷ ಬೆಳೆಯುತ್ತದೆ. ಅಲ್ಲಿ ಆಗುವುದು ಇಲ್ಲೂ ಆಗಬೇಕು.

ನಾವು ಕೇಳುವುದು ನಾಲ್ಕೇ. ರಿಪೇರಿಗೆ ಇಷ್ಟು ದಿನ ಎಂದು ಕಾರ್ಡಿನಲ್ಲೇ ಬರೆಯಲಿ. ವಸ್ತು ಸರ್ವಿಸ್‌ನಲ್ಲಿ ಕೂತ ದಿನಗಳನ್ನು ವಾರಂಟಿಗೆ ಸೇರಿಸಲಿ. ಮಾರುವ ರಾಜ್ಯದ ಭಾಷೆಯಲ್ಲಿ ಕಾರ್ಡು ಇರಲಿ. ಸ್ಪೇರ್ ಪಾರ್ಟನ್ನು ಊರ ಮೆಕ್ಯಾನಿಕ್‌ಗೂ ನ್ಯಾಯವಾದ ಬೆಲೆಗೆ ಕೊಡಲಿ.

ಯುವಜನರೇ, ನಿಮ್ಮಿಂದ ಆಗುವ ಕೆಲಸವೂ ಇದೆ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಅರ್ಧ ಗಂಟೆ ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ಮೇಜು ಹಾಕಿ ಕೂರೋಣ. ಹಿರಿಯರು ಬಿಲ್ಲು, ಕಾರ್ಡು ತರಲಿ. ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ಮಾಸಿಹೋಗುತ್ತದೆ, ಮೊದಲು ಅದರ ಫೋಟೋ ತೆಗೆದು ಮನೆಯವರ ಮೊಬೈಲ್‌ನಲ್ಲಿ ಉಳಿಸಿಕೊಡಿ. ವಾರಂಟಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದೂರಿನ ನಂಬರ್, ಫೋನ್ ಮಾಡಿದ ದಿನ, ಮಾತಾಡಿದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿರಲಿ. 1915ಕ್ಕೆ ಫೋನ್ ಮಾಡಿ ಪಕ್ಕದಲ್ಲಿ ಕೂತು ಮಾತಾಡಿಸಿ. ದಿಂಡಿಗಲ್, ತೇನಿಯಲ್ಲಿರುವ ನೆಂಟರಿಗೂ ಇದನ್ನೇ ಹೇಳಿ.

ಕ್ರಿಸ್ಮಸ್ ಹಿಂದಿನ ದಿನವೇ ಗ್ರಾಹಕ ದಿನ. ಆ ಸಂಜೆ ಗೋದಲಿ ಕಟ್ಟುವ ಗಡಿಬಿಡಿಯಲ್ಲಿ ನಾವೆಲ್ಲ ಒಟ್ಟಿಗೇ ಇರುತ್ತೇವೆ. ಅಷ್ಟರೊಳಗೆ ನಮ್ಮ ಧರ್ಮಕೇಂದ್ರದ ಪ್ರತಿ ಮನೆಯ ಒಂದು ಬಾಕಿ ದೂರಾದರೂ ದಾಖಲಾಗಿರಲಿ. ಒಬ್ಬೊಬ್ಬರೇ ಫೋನ್ ಹಿಡಿದು ಕಾದರೆ ಕಂಪನಿಗೆ ಅದೊಂದು ನಂಬರ್ ಅಷ್ಟೇ. ಐವತ್ತು ಮನೆಗಳು ಬರೆದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.