ಬೈಕ್ ಜಾತ್ರೆ: ಬೇಡವೆಂದರು ಊರಿನವರು, ಬಂದೇ ಬಂದರು ಸವಾರರು!

ಊರಿನ ಜನ ಬೇಡ ಅಂದರೆ ಜಾತ್ರೆ ನಿಲ್ಲುತ್ತದೆಯೆ? ನಿಲ್ಲುವುದಿಲ್ಲ ಎಂಬುದಕ್ಕೆ ಅಮೆರಿಕದ ಸೌತ್ ಡಕೋಟಾ ರಾಜ್ಯದ ಸ್ಟರ್ಜಿಸ್ ಪಟ್ಟಣವೇ ಸಾಕ್ಷಿ. ಜನಸಂಖ್ಯೆ ಸುಮಾರು 7 ಸಾವಿರ. ನಮ್ಮ ಕಡೆಯಾದರೆ ಒಂದು ಹೋಬಳಿ ಊರು, ಅಷ್ಟೆ. 2020ರ ಆಗಸ್ಟ್ 7ರಿಂದ 16ರವರೆಗೆ, ಕೊರೊನಾ ಹಾವಳಿ ಜೋರಾಗಿದ್ದಾಗಲೇ, ಈ ಊರಿನ ಕಡೆಗೆ ಬಂದ ವಾಹನಗಳ ಲೆಕ್ಕ 4 ಲಕ್ಷ 62 ಸಾವಿರ! ಎಣಿಸಿದವರು ದಾರಿಹೋಕರಲ್ಲ, ರಾಜ್ಯದ ಸಾರಿಗೆ ಇಲಾಖೆಯವರೇ. ಒಂದೇ ಗಾಡಿ ನಾಲ್ಕು ಸಲ ಬಂದರೆ ನಾಲ್ಕು ಎಂದು ಬರೆದಿರಬಹುದು. ಆದರೂ ಸಣ್ಣ ಸಂತೆಯೇನಲ್ಲ.

ಈ ಜಾತ್ರೆ ಶುರುವಾದದ್ದು 1938ರಲ್ಲಿ. ಅಲ್ಲಿನ ಬೈಕ್ ಕ್ಲಬ್ಬಿನವರು ಏರ್ಪಡಿಸಿದ ಪಂದ್ಯದಲ್ಲಿ ಓಡಿದವರು ಬರೀ 9 ಜನ. 2020ರದ್ದು 80ನೆಯ ಜಾತ್ರೆ. ಈಗ ಆ ಊರಿನ ಮುಖ್ಯ ಬೀದಿಯ ಎಷ್ಟೋ ಮಳಿಗೆಗಳು ವರ್ಷವೆಲ್ಲ ಸುಮ್ಮನಿದ್ದು, ಜಾತ್ರೆಯ ಹತ್ತು ದಿನ ಪರಸ್ಥಳದ ವ್ಯಾಪಾರಿಗಳಿಗೆ ಬಾಡಿಗೆಗೆ ಹೋಗುತ್ತವೆ. ಆ ಬಾಡಿಗೆಯಲ್ಲೇ ಮಾಲೀಕನ ವರ್ಷದ ಖರ್ಚು ಕಳೆಯಬೇಕು. ಅಂಗಡಿ ಇಟ್ಟು ಕೂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಪುರಸಭೆಯವರು ಜಾತ್ರೆಗೆ ಮುಂಚೆ ಊರಿನವರ ಅಭಿಪ್ರಾಯ ಕೇಳಿದರು. ನೂರಕ್ಕೆ 60ಕ್ಕೂ ಹೆಚ್ಚು ಮಂದಿ "ಈ ವರ್ಷ ಮುಂದಕ್ಕೆ ಹಾಕಿ" ಅಂದರು. ಕೇಳಿದ್ದೇನೋ ಸರಿ, ಆದರೆ ಜೂನ್ ತಿಂಗಳಲ್ಲಿ ಸಭೆ ಕೂತಾಗ ನಡೆಸೋಣ ಎಂದವರು 8 ಮಂದಿ, ಬೇಡ ಎಂದವರು ಒಬ್ಬರೇ! ಪುರಸಭೆಯ ವಾದ ಇಷ್ಟು: ನಾವು ಬೇಡ ಅಂದರೂ ಅವರು ಬಂದೇ ಬರ್ತಾರೆ. ಹೆದ್ದಾರಿ ನಮ್ಮದಲ್ಲ, ದೊಡ್ಡ ದೊಡ್ಡ ಬಿಡಾರದ ಮೈದಾನಗಳು ಊರಿನ ಗಡಿಯಾಚೆ ಖಾಸಗಿಯವರ ಕೈಯಲ್ಲಿವೆ. ಬರುವವರು ಬರುವುದೇ ಆದರೆ ನೀರು, ಕಸ, ಪೊಲೀಸು ಎಂದು ಮೊದಲೇ ಸಜ್ಜಾಗಿರುವುದು ಮೇಲು.

ಈ ಮಾತನ್ನು ಪೂರ್ತಿ ಸುಳ್ಳು ಅನ್ನುವಂತಿಲ್ಲ. ಉದ್ಘಾಟನೆ, ಮೆರವಣಿಗೆ ರದ್ದಾದವು, ಪ್ರಚಾರವನ್ನೂ ಕಡಿಮೆ ಮಾಡಿದರು. ಆದರೂ ಬಂದ ಗಾಡಿಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ಏಳೆಂಟು ಕಡಿಮೆ, ಅಷ್ಟೆ. ಮಾಸ್ಕ್ ಕಡ್ಡಾಯವಿರಲಿಲ್ಲ, ಮನೆಯಲ್ಲೇ ಇರಿ ಎಂಬ ಆಜ್ಞೆಯನ್ನು ಆ ರಾಜ್ಯ ಎಂದೂ ಹೊರಡಿಸಲಿಲ್ಲ. ಹಾಗಿದ್ದ ಮೇಲೆ ಪುರಸಭೆ ಒಂದನ್ನೇ ಬೈದು ಏನು ಪ್ರಯೋಜನ?

ದಾರಿಗೆ ಅಡ್ಡ ನಿಂತವರು

ಅದೇ ರಾಜ್ಯದಲ್ಲಿ ಇನ್ನೊಂದು ಕತೆ ನಡೆಯಿತು. ಶಯೆನ್ ರಿವರ್ ಎಂಬುದು ಸೂ ಬುಡಕಟ್ಟಿನವರ ಪ್ರದೇಶ, ಸುಮಾರು 12 ಸಾವಿರ ಜನ. ಇವರು 2020ರ ಏಪ್ರಿಲ್‌ನಲ್ಲೇ ತಮ್ಮ ನೆಲದ ಮೂಲಕ ಹೋಗುವ ರಸ್ತೆಗಳಲ್ಲಿ ತಪಾಸಣಾ ಠಾಣೆ ಹಾಕಿ ಕೂತರು. ಸರಕಿನ ಲಾರಿ, ಆಂಬುಲೆನ್ಸಿಗೆ ದಾರಿ ಉಂಟು, ಮೋಜಿಗೆ ಬಂದವರಿಗೆ ಇಲ್ಲ. ರಾಜ್ಯಪಾಲೆ ಕ್ರಿಸ್ಟಿ ನೋಯಮ್ ಮೇ ತಿಂಗಳಲ್ಲಿ "48 ಗಂಟೆಯೊಳಗೆ ತೆಗೆಯಿರಿ" ಎಂದು ಪತ್ರ ಬರೆದರು. (ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ.) ಬುಡಕಟ್ಟಿನ ಮುಖ್ಯಸ್ಥ ಹೆರಾಲ್ಡ್ ಫ್ರೇಜಿಯರ್ ಜಪ್ಪಯ್ಯ ಎನ್ನಲಿಲ್ಲ. ಆಗಸ್ಟ್‌ನಲ್ಲಿ ಸ್ಟರ್ಜಿಸ್‌ಗೆ ಹೊರಟಿದ್ದ ಬೈಕ್ ಸವಾರರನ್ನೂ ಬೇರೆ ದಾರಿ ನೋಡಿಕೊಳ್ಳಿ ಎಂದು ಕಳಿಸಿದರು.

ಯಾಕಿಷ್ಟು ಹಠ? ಅವರ ಆಸ್ಪತ್ರೆಯಲ್ಲಿ ಇದ್ದದ್ದು 8 ಹಾಸಿಗೆ. ತುರ್ತು ನಿಗಾ ಘಟಕವೇ ಇಲ್ಲ. ಕಾಯಿಲೆ ಬಿಗಡಾಯಿಸಿದರೆ ಮೂರು ಗಂಟೆ ಪ್ರಯಾಣ ಮಾಡಿ ರ್‍ಯಾಪಿಡ್ ಸಿಟಿಗೆ ಹೋಗಬೇಕು. ಜಿಲ್ಲಾಸ್ಪತ್ರೆಗೆ ರೋಗಿಯನ್ನು ಹೊತ್ತು ಬಸ್ಸು ಹತ್ತಿದವರಿಗೆ ಆ ಮೂರು ಗಂಟೆ ಎಂದರೇನು ಅಂತ ಗೊತ್ತು. ಹೊರಗಿನವರು ತಂದ ಸಿಡುಬಿಗೆ ಊರಿಗೆ ಊರೇ ಖಾಲಿಯಾದ ನೆನಪು ಈ ಜನಕ್ಕೆ ಇನ್ನೂ ಮಾಸಿಲ್ಲ. ಇನ್ನೊಂದು ವಿಚಿತ್ರ ನೋಡಿ: ಬೈಕ್ ಜಾತ್ರೆ ನಡೆಯುವ ಬ್ಲ್ಯಾಕ್ ಹಿಲ್ಸ್ ಸೀಮೆಯೇ 1868ರ ಒಪ್ಪಂದದ ಪ್ರಕಾರ ಸೂ ಜನಕ್ಕೆ ಸೇರಿದ್ದು. ಆಮೇಲೆ ಸರಕಾರ ಕಿತ್ತುಕೊಂಡಿತು, ಅದು ಬೇರೆ ಮಾತು.

ಲೆಕ್ಕದ ಜಗಳ

ಜಾತ್ರೆಯಿಂದ ಎಷ್ಟು ಮಂದಿಗೆ ಕಾಯಿಲೆ ತಗುಲಿತು? ಇಲ್ಲೇ ಎಲ್ಲರೂ ತಮಗೆ ಬೇಕಾದ ಅಂಕಿ ಹಿಡಿದುಕೊಂಡರು. ಜಾತ್ರೆ ಮುಗಿದ ಮೇಲೆ ಸ್ಟರ್ಜಿಸ್‌ನಲ್ಲಿ ಸುಮಾರು 650 ಜನರ ಪರೀಕ್ಷೆ ನಡೆದು 26 ಮಂದಿಗೆ ಸೋಂಕು ಕಂಡಿತು. ಪಕ್ಕದ ಮಿನೆಸೋಟ ರಾಜ್ಯದವರು ಒಬ್ಬೊಬ್ಬರನ್ನೇ ವಿಚಾರಿಸಿ 86 ಪ್ರಕರಣ ಪತ್ತೆ ಹಚ್ಚಿದರು. ನಾಲ್ವರು ಆಸ್ಪತ್ರೆ ಸೇರಿ, ಒಬ್ಬರು ತೀರಿಕೊಂಡರು. ಇತ್ತ ಕೆಲವು ಅರ್ಥಶಾಸ್ತ್ರಜ್ಞರು ಮೊಬೈಲ್ ಫೋನುಗಳ ಓಡಾಟ ನೋಡಿ, ದೇಶದಾದ್ಯಂತ 2 ಲಕ್ಷ 66 ಸಾವಿರ ಪ್ರಕರಣ ಅಂದುಬಿಟ್ಟರು. ರಾಜ್ಯಪಾಲೆ ಅದನ್ನು ಕಟ್ಟುಕತೆ ಎಂದರು. 2 ಲಕ್ಷ ಅತಿಯಾಯಿತು ಎಂದು ಹಲವು ತಜ್ಞರೂ ಹೇಳಿದ್ದುಂಟು. ಆದರೆ 86 ಎಂಬುದು ಒಂದೇ ರಾಜ್ಯದಲ್ಲಿ ಕೈಗೆ ಸಿಕ್ಕವರ ಎಣಿಕೆ. ಬಂದವರು ಹತ್ತಾರು ರಾಜ್ಯಗಳಿಗೆ ಚದುರಿ ಹೋದ ಮೇಲೆ ಬೆನ್ನು ಹತ್ತುವವರು ಯಾರು? ಯಾವ ಊರಿನಿಂದ ಯಾರಿಗೆ ತಗುಲಿತೆಂದು ಗೊತ್ತಾಗದಂತೆ ಹರಡುವುದೇ ಇಂಥ ಜಾತ್ರೆಯ ಗುಣ.

ನಮ್ಮಲ್ಲಿಯೂ ಈ ಪಾಠ ನಡೆದಿದೆ. 2021ರ ಜುಲೈನಲ್ಲಿ ಲಾಕ್‌ಡೌನ್ ಸಡಿಲಿಸಿದ್ದೇ ತಡ, ಬೆಂಗಳೂರಿನ ಬೈಕು ಕಾರುಗಳು ನಂದಿಬೆಟ್ಟದ ದಾರಿ ಹಿಡಿದವು. ರಸ್ತೆ ಪೂರ್ತಿ ಜಾಮ್. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ವಾರಾಂತ್ಯ ಪ್ರವೇಶ ನಿಷೇಧಿಸಬೇಕಾಯಿತು. ಶನಿವಾರ ಭಾನುವಾರದ ಗಿರಾಕಿಯನ್ನೇ ನಂಬಿದ್ದ ಕಾಫಿ ತಿಂಡಿಯವರು, ಸೌತೆಕಾಯಿ, ಜೋಳ ಮಾರುವವರು ಕೈಕಟ್ಟಿ ಕೂತರು. ಬೆಟ್ಟದ ಬುಡದ ಹಳ್ಳಿಯವರಿಗೆ ಎದೆಯ ಭಾರ ಇಳಿಯಿತು. ಎಷ್ಟೋ ಮನೆಗಳಲ್ಲಿ ಈ ಇಬ್ಬರೂ ಒಬ್ಬರೇ!

ಸ್ಟರ್ಜಿಸ್‌ನಲ್ಲಿ ಮಾರನೆಯ ವರ್ಷ, 2021ರ ಆಗಸ್ಟ್‌ನಲ್ಲಿ, ಡೆಲ್ಟಾ ತಳಿ ಹಬ್ಬುತ್ತಿದ್ದಾಗಲೇ ಮತ್ತೆ ಜಾತ್ರೆ ನಡೆಯಿತು. ಈ ಸಲ ವಾಹನಗಳ ಲೆಕ್ಕ 5 ಲಕ್ಷ ದಾಟಿತು.