ಅಜ್ಜಿಯ ಕೈಗೆ ಯಾವ ಓದುಹಲಗೆ?

ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಡಿಗೇನಹಳ್ಳಿಯಲ್ಲಿ ಎಪ್ಪತ್ತು ದಾಟಿದ ಗೃಹಿಣಿಯೊಬ್ಬರಿದ್ದಾರೆಂದು ಭಾವಿಸಬಹುದು. ಮದುವೆಯಾಗಿ ಬಂದಂದಿನಿಂದ ವಾರಪತ್ರಿಕೆಯ ಧಾರಾವಾಹಿಯ ಒಂದು ಕಂತನ್ನೂ ತಪ್ಪಿಸದೆ ಓದಿದ ಆಕೆಗೆ ಈಗ ಕಣ್ಣು ಮಂಜಾಗಿದೆ. ಕನ್ನಡಕದ ಗಾಜು ದಪ್ಪವಾಗುತ್ತ ಹೋದಂತೆ ಅಚ್ಚಿನ ಅಕ್ಷರ ಸಣ್ಣದಾಗುತ್ತ ಬಂದಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ, ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಲ್ಲ ಇ-ರೀಡರೊಂದನ್ನು ತಾಯಿಗೆ ತಂದುಕೊಡಲು ನಿಶ್ಚಯಿಸುತ್ತಾನೆ. ಉದ್ದೇಶ ಶ್ಲಾಘ್ಯವಾದುದೇ. ಆದರೆ ಹಣ ತೆರುವ ಮುನ್ನ ಆತ ವಿಚಾರಿಸಬೇಕಾದುದೊಂದಿದೆ: ಆ ಯಂತ್ರಕ್ಕೆ ಕನ್ನಡ ಬರುತ್ತದೆಯೇ?

ಹೊರನೋಟಕ್ಕೆ ಈ ಓದುಹಲಗೆಗಳೆಲ್ಲವೂ ಅಕ್ಕತಂಗಿಯರಂತೆ. ಬಹುಪಾಲು ಕಂಪನಿಗಳು ತಮ್ಮ ಪರದೆಯನ್ನು ತರಿಸುವುದು ಒಂದೇ ಕಡೆಯಿಂದ, ಅಮೆರಿಕದಲ್ಲಿ 1997ರಲ್ಲಿ ಹುಟ್ಟಿ ಅನಂತರ ತೈವಾನಿನವರ ಕೈಸೇರಿದ ಇ-ಇಂಕ್ ಸಂಸ್ಥೆಯಿಂದ. ಆ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು. ಪ್ರತಿಯೊಂದರಲ್ಲೂ ಪರಸ್ಪರ ವಿರುದ್ಧ ವಿದ್ಯುದಂಶವುಳ್ಳ ಕಪ್ಪು ಬಿಳುಪಿನ ಕಣಗಳು. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಮೇಲೆದ್ದರೆ ಅಕ್ಷರ, ಬಿಳುಪು ಮೇಲೆದ್ದರೆ ಕಾಗದ. ಒಮ್ಮೆ ಪುಟ ಮೂಡಿದರೆ ಅದು ನಿಲ್ಲಲು ವಿದ್ಯುತ್ತು ಬೇಡ. ಹಾಳೆ ತಿರುವುವಾಗ ಮಾತ್ರ ಬೇಕು. ಆದುದರಿಂದಲೇ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ, ಜಗುಲಿಯ ಬಿಸಿಲಿನಲ್ಲಿಯೂ ಓದು ಸಾಗುತ್ತದೆ. ಪರದೆಗಳ ಮೂಲ ಒಂದೇ ಆದಮೇಲೆ ಭೇದವಿರುವುದು ಒಳಗಿನ ವ್ಯವಹಾರದಲ್ಲಿ.

ಎಲ್ಲರ ಬಾಯಲ್ಲಿರುವ ಹೆಸರು ಅಮೆಜಾನಿನ ಕಿಂಡಲ್. 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಯಂತ್ರ ನಯವಾದುದು, ಸರಳವಾದುದು. ಇಂಗ್ಲಿಷ್ ಪುಸ್ತಕಗಳ ಮಟ್ಟಿಗೆ ಅದರ ಭಂಡಾರಕ್ಕೆ ಎಣೆಯಿಲ್ಲ. ಆದರೆ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳಿಗೆ ಅದು ಬಾಗಿಲು ತೆರೆದಾಗ ಒಳಗೆ ಹೋದುವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಹೊರಗೆ ನಿಂತಿತು. ನೆರೆಮನೆಯವರಿಗೆಲ್ಲ ಆಹ್ವಾನ ಬಂದು ತಮಗೆ ಮಾತ್ರ ಬಾರದಿದ್ದರೆ ಹೇಗಾದೀತೋ ಕನ್ನಡ ವಾಚಕರಿಗೆ ಹಾಗಾಯಿತು. ಬೇರೆಡೆ ಪಡೆದ ಇ-ಪಬ್ ಕಡತಗಳನ್ನು ಕಿಂಡಲಿಗೆ ಕಳುಹಿಸುವ ಅನುಕೂಲ 2022ರಲ್ಲಿ ಬಂದಿತೆಂಬುದು ನಿಜ. ಆದರೆ ಅಮೆಜಾನಿನಲ್ಲಿ ಕೊಂಡ ಪುಸ್ತಕವನ್ನು ಗಣಕಕ್ಕೆ ಇಳಿಸಿಕೊಂಡು ತಂತಿಯ ಮೂಲಕ ಸಾಗಿಸುವ ಸೌಲಭ್ಯ 2025ರ ಫೆಬ್ರವರಿಯಲ್ಲಿ ರದ್ದಾಯಿತು. ಹಿಂದೆ 2009ರ ಜುಲೈಯಲ್ಲಿ, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್ಲರ ಕೃತಿಗಳನ್ನು ಓದುಗರ ಯಂತ್ರಗಳಿಂದಲೇ ಅಳಿಸಿ ಹಣ ಹಿಂದಿರುಗಿಸಿದ್ದೂ ಉಂಟು. ಕಂಪನಿಯ ಮುಖ್ಯಸ್ಥರು ಅನಂತರ ಕ್ಷಮೆ ಕೇಳಿದರು. ಮನೆಯ ಬೀರುವಿನಲ್ಲಿರುವ ಪುಸ್ತಕವನ್ನು ಅಂಗಡಿಯವನು ರಾತ್ರೋರಾತ್ರಿ ಒಯ್ಯುವುದು ಅಚ್ಚಿನ ಕಾಲದಲ್ಲಿ ಕೇಳದ ಸಂಗತಿ.

ಕೆನಡಾದಲ್ಲಿ 2009ರಲ್ಲಿ ಆರಂಭವಾಗಿ ಈಗ ಜಪಾನಿನ ರಾಕುಟೆನ್ ಸಂಸ್ಥೆಗೆ ಸೇರಿರುವ ಕೋಬೋ ಈ ವಿಷಯದಲ್ಲಿ ಉದಾರಿ. ಇ-ಪಬ್ ಕಡತವನ್ನು ತಂತಿಯಿಂದ ನೇರವಾಗಿ ತುಂಬಬಹುದು. ಇಷ್ಟವಾದ ಲಿಪಿವಿನ್ಯಾಸವನ್ನೂ ತಾವೇ ಅದರೊಳಗೆ ಇರಿಸಬಹುದು. ಕೆಟ್ಟರೆ ದುರಸ್ತಿ ಮಾಡುವವರು ಯಾರೆಂದು ಮಾರುವವರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಚೀನಾದ ಬೂಕ್ಸ್ ಇನ್ನೊಂದು ಜಾತಿ: ಆ್ಯಂಡ್ರಾಯ್ಡ್ ಇರುವುದರಿಂದ ಮೈಲ್ಯಾಂಗ್‌ನಂತಹ ಕನ್ನಡ ಇ-ಪುಸ್ತಕ ಮಳಿಗೆಗಳ ಆ್ಯಪನ್ನು ಅದರೊಳಗೆ ತರಬಹುದು. ಕನ್ನಡಿಗರಿಗೆ ಇದು ಸಣ್ಣ ಲಾಭವಲ್ಲ. ಆದರೆ ಬ್ಯಾಟರಿ ಬೇಗ ಸೋರುತ್ತದೆ, ಗುಂಡಿ ಗಂಟೆಗಳ ಗೊಂದಲ ಹೆಚ್ಚು. ಅಜ್ಜಿ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿರುವಾಗ ಯಾರದೋ ‘ಶುಭೋದಯ’ ನಡುವೆ ನುಸುಳದಂತೆ ಮಗನೇ ಕುಳಿತು ಎಲ್ಲವನ್ನೂ ಅಡಗಿಸಿಡಬೇಕು. ಭಾರತದವರೂ ಯತ್ನಿಸದಿರಲಿಲ್ಲ. 2010ರಲ್ಲಿ ಅಹಮದಾಬಾದಿನ ಇನ್ಫಿಬೀಮ್ ಸಂಸ್ಥೆ ‘ಪೈ’ ಎಂಬ ಓದುಹಲಗೆಯನ್ನು ತಂದಿತು. ಪೇಟೆಯಲ್ಲಿ ಅದು ನೆಲೆ ನಿಲ್ಲಲಿಲ್ಲ.

ಯಾವುದನ್ನೇ ಕೊಳ್ಳಲಿ, ಅಂಗಡಿಯಲ್ಲಿ ಅಥವಾ ಹಿಂದಿರುಗಿಸುವ ಅವಧಿಯೊಳಗೆ ಮನೆಯಲ್ಲಿ ಒಂದು ಪರೀಕ್ಷೆ ನಡೆಯಲೇಬೇಕು. ಕನ್ನಡದ ಅಕ್ಷರ ಇಂಗ್ಲಿಷಿನಂತೆ ಸಾಲಾಗಿ ನಿಲ್ಲುವುದಿಲ್ಲ. ಒತ್ತು ಕೆಳಗಿಳಿಯಬೇಕು, ಅರ್ಕಾವತ್ತು ಮುಂದಕ್ಕೆ ಜಿಗಿಯಬೇಕು. ‘ಸ್ತ್ರೀ’, ‘ರಾಷ್ಟ್ರ’, ‘ಜ್ಞಾನ’, ‘ಲಕ್ಷ್ಮಿ’, ‘ಅರ್ಕಾವತಿ’ ಎಂಬ ಐದು ಮಾತುಗಳುಳ್ಳ ಪುಟವೊಂದನ್ನು ಯಂತ್ರಕ್ಕೆ ತುಂಬಿ ನೋಡಬೇಕು. ‘ರಾಷ್ಟ್ರ’ ಎಂಬುದು ‘ರಾಷ್‌ಟ್‌ರ’ ಎಂದು ಮುರಿದು ಬಿದ್ದರೆ, ಅಥವಾ ಅಕ್ಷರದ ಬದಲು ಖಾಲಿ ಚೌಕಗಳು ಮೂಡಿದರೆ, ಆ ಯಂತ್ರವನ್ನು ನಮಸ್ಕರಿಸಿ ಹಿಂದಿರುಗಿಸುವುದೇ ಲೇಸು. ಮಳಿಗೆಯ ಯುವಕ ‘ಎಲ್ಲ ಭಾಷೆಯೂ ಬರುತ್ತದೆ’ ಎಂದು ನಗುತ್ತ ಹೇಳಿದರೂ ಐದು ಮಾತುಗಳ ಚೀಟಿಯನ್ನು ಜೇಬಿನಿಂದ ತೆಗೆಯಲು ಸಂಕೋಚಪಡಬಾರದು. ಮನೆಯ ಯಜಮಾನರು ಹಿಂದೆ ಹಳೆಯ ನುಡಿ ಅಥವಾ ಬರಹದ ಲಿಪಿಯಲ್ಲಿ ಬೆರಳಚ್ಚಿಸಿಟ್ಟ ಕಡತಗಳಿದ್ದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಯಂತ್ರ ಓದೀತು.

ಇನ್ನೊಂದು ಮೋಸ ಪಿಡಿಎಫಿನದು. ಹಳೆಯ ಕನ್ನಡ ಗ್ರಂಥಗಳು ಅಂತರ್ಜಾಲದಲ್ಲಿ ಹೆಚ್ಚಾಗಿ ದೊರೆಯುವುದು ಪುಟಗಳ ಛಾಯಾಚಿತ್ರಗಳಾಗಿ. ಚಿತ್ರದಲ್ಲಿರುವ ಅಕ್ಷರವನ್ನು ಹಿಗ್ಗಿಸಿದರೆ ಸಾಲು ಅಂಚಿನಾಚೆಗೆ ಓಡುತ್ತದೆ. ಅಜ್ಜಿ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆದಾಡಬೇಕು. ಅಂಥ ಗ್ರಂಥಗಳೇ ಮುಖ್ಯವಾದರೆ ಆರೇಳು ಅಂಗುಲದ ಹಲಗೆ ವ್ಯರ್ಥ, ಹತ್ತು ಅಂಗುಲದ್ದೇ ಬೇಕು. ಬೆಲೆಯೂ ತೂಕವೂ ಅದಕ್ಕೆ ತಕ್ಕಂತೆ ಏರುತ್ತವೆ, ಮುದಿಯ ಮಣಿಕಟ್ಟಿಗೆ ತೂಕ ಸಣ್ಣ ಮಾತಲ್ಲ.

ಆದುದರಿಂದ ಅಜ್ಜಿ ಏನನ್ನು ಓದುತ್ತಾರೆಂಬುದರ ಮೇಲೆಯೇ ನಿರ್ಣಯ ನಿಂತಿದೆ. ಇಂದಿನ ಲೇಖಕರ ಇ-ಪುಸ್ತಕಗಳನ್ನು ಕೊಂಡು ಓದುವವರಾದರೆ ಬೂಕ್ಸ್. ಮಗ ಇ-ಪಬ್ ಕಡತಗಳನ್ನು ತುಂಬಿಕೊಡುವನಾದರೆ ಕೋಬೋ. ಕನ್ನಡವೊಂದನ್ನೇ ಓದುವವರಿಗೆ ಕಿಂಡಲ್ ಎರಡನೆಯ ಮಾತೇ ಸರಿ. 1963ರಲ್ಲಿ ನಿಧನರಾದ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕುಸ್ವಾಮ್ಯ ಅರುವತ್ತು ವರ್ಷ ತುಂಬಿ 2023ರ ಕೊನೆಗೆ ಮುಗಿದಿದೆ. ಅವನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ ಇ-ಪಬ್ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹರೆಯದಲ್ಲಿ ಅವನ್ನು ಓದಿದ್ದ ಅಜ್ಜಿಗೆ ಮೊದಲ ದಿನ ಒಂದು ಅಧ್ಯಾಯವನ್ನು ದಪ್ಪಕ್ಷರದಲ್ಲಿ ತೆರೆದು, ಜಗುಲಿಯಲ್ಲಿ ಒಂದು ಗಂಟೆ ಆಕೆಯ ಪಾಡಿಗೆ ಬಿಟ್ಟು ನೋಡಬಹುದು.